ಹಳಿ ಹೋದ ದಾರಿಯಲ್ಲಿ ರೀಸ್ಲಿಂಗ್

ಎಲ್ಲರಿಗೂ ನಮಸ್ಕಾರ. ಬೆಳಗ್ಗೆ ಸೈಕಲ್ಲಿನಲ್ಲಿ ನಂದಿ ಬೆಟ್ಟ ಹತ್ತಿ ಬಂದವರು ಇಲ್ಲಿ ಒಂದಿಬ್ಬರಾದರೂ ಇದ್ದೀರಿ, ಕಾಲು ಚಾಚಿ ಕೂತಿರುವುದು ನೋಡಿದರೇ ಗೊತ್ತಾಗುತ್ತದೆ. ಆ ಬೆಟ್ಟದ ಬುಡದಲ್ಲೂ ದ್ರಾಕ್ಷಿ ತೋಟ ಇದೆ, ವೈನರಿ ಇದೆ. ಆದರೆ ಬೆಟ್ಟ ಇಳಿದ ನಾವು ನಿಲ್ಲುವುದು ಇಡ್ಲಿ ಹೋಟೆಲಿನ ಮುಂದೆ. ಅದೇ ಸರಿ ಬಿಡಿ. ಲಾರಿ ಓಡಾಡುವ ರಸ್ತೆಯಲ್ಲಿ ವೈನ್ ರುಚಿ ನೋಡಿ ಸೈಕಲ್ ಹತ್ತಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅದಕ್ಕೆ ದಾರಿಯೇ ಬೇರೆ ಥರ ಇರಬೇಕು.

ಅಂಥ ದಾರಿ ನಾನು ಕಂಡಿದ್ದು ದಕ್ಷಿಣ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯಲ್ಲಿ. ಅಡಿಲೇಡಿನಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆ. 1918ರಲ್ಲಿ ಕ್ಲೇರ್ ಊರಿಗೆ ರೈಲು ಬಂತು. 1983ರ ಫೆಬ್ರವರಿಯ ಕಾಳ್ಗಿಚ್ಚಿನಲ್ಲಿ ಹಳಿಗೆ ಪೆಟ್ಟು ಬಿತ್ತು, ಮರುವರ್ಷ ಲೈನ್ ಮುಚ್ಚಿತು. ಹಳಿ ಹೋದ ಆ ಜಾಗವೇ ಈಗ ರೀಸ್ಲಿಂಗ್ ಟ್ರೇಲ್, ಅಲ್ಲಿನ ವೈನ್ ದ್ರಾಕ್ಷಿಯ ಹೆಸರಿನ ದಾರಿ. ಆಬರ್ನ್ ಊರಿನಿಂದ ಕ್ಲೇರ್ ದಾಟಿ ಸುಮಾರು 35 ಕಿಲೋಮೀಟರ್. ನಡೆಯುವವರು, ಸೈಕಲ್ಲಿನವರು ಮಾತ್ರ.

ರೈಲಿಗೆ ಕಡಿದಾದ ಏರು ಆಗಿಬರುವುದಿಲ್ಲ, ಅಲ್ವಾ? ನೂರು ಮೀಟರಿಗೆ ಎರಡು ಮೀಟರ್ ಹತ್ತುವುದೂ ಅದಕ್ಕೆ ಕಷ್ಟವೇ. ಹಾಗಾಗಿ ಆಗಿನ ಇಂಜಿನಿಯರುಗಳು ಗುಡ್ಡ ಕೊರೆದು, ತಗ್ಗು ತುಂಬಿ ದಾರಿ ಮಾಡಿದ್ದರು. ಉಗಿಬಂಡಿಗೆ ಅಂತ ಪಟ್ಟ ಆ ಶ್ರಮ ಈಗ ನಮ್ಮ ಮೊಣಕಾಲಿಗೆ ಲಾಭ. ಗೇರು ಬದಲಿಸುವ ಕೆಲಸವೂ ಜಾಸ್ತಿ ಇಲ್ಲ.

ಹೆಲ್ಮೆಟ್ ಅಲ್ಲಿ ಕಡ್ಡಾಯ. ಕಾನೂನಿಗಿಂತ ಮ್ಯಾಗ್‌ಪೈ ಹಕ್ಕಿಗೆ ಹೆದರಿ ಹಾಕಿಕೊಳ್ಳಿ. ನಮ್ಮ ಕಾಗೆಯಷ್ಟು ದೊಡ್ಡದು, ಕಪ್ಪು ಬಿಳುಪು. ಮರಿ ಮಾಡುವ ಕಾಲದಲ್ಲಿ, ಅಂದರೆ ಅವರ ವಸಂತದಲ್ಲಿ, ಹಿಂದಿನಿಂದ ಬಂದು ತಲೆಗೆ ಎರಗುತ್ತದೆ. ಕೆಲವರು ಹೆಲ್ಮೆಟ್ಟಿಗೆ ಕೇಬಲ್ ಟೈ ಕಟ್ಟಿ ಮುಳ್ಳುಹಂದಿಯ ಹಾಗೆ ಹೋಗುತ್ತಾರೆ. ನಾನು ನಕ್ಕಿದ್ದೆ. ಎರಡನೇ ದಿನ ನಾನೂ ಕಟ್ಟಿಕೊಂಡೆ.

ಕ್ಲೇರಿನ ಹತ್ತಿರ ಸೆವೆನ್‌ಹಿಲ್ ಇದೆ. 1851ರಲ್ಲಿ ಜೆಸ್ವಿಟ್ ಪಾದ್ರಿಗಳು ಚರ್ಚಿನ ಬಲಿಪೂಜೆಯ ವೈನಿಗಾಗಿ ಬಳ್ಳಿ ನೆಟ್ಟ ಜಾಗ. ಆ ಕಣಿವೆಯ ಮೊದಲ ವೈನರಿ ಅದೇ. ಕಲ್ಲಿನ ಚರ್ಚು, ತಣ್ಣಗಿನ ನೆಲಮಾಳಿಗೆ. ಅಲ್ಲಿ ಅರ್ಧ ದಿನ ಕೂತರೂ ತಪ್ಪಿಲ್ಲ.

ಇನ್ನು ರೀಸ್ಲಿಂಗ್. ಅದು ಬಿಳಿ ದ್ರಾಕ್ಷಿ. ಹೊಸ ವೈನು ನಿಂಬೆಹಣ್ಣಿನ ಹಾಗೆ ಹುಳಿ, ಚುರುಕು. ಹತ್ತು ವರ್ಷ ಇಟ್ಟಿದ್ದನ್ನು ಮೂಸಿ ನೋಡಿ: ಸೀಮೆಎಣ್ಣೆ! ತಮಾಷೆಯಲ್ಲ, ರೇಷನ್ ಅಂಗಡಿಯ ಕ್ಯೂ ನೆನಪಾಗುತ್ತದೆ. ಬಿಸಿಲು ಜಾಸ್ತಿ ತಿಂದ ಹಣ್ಣಿನಲ್ಲಿ ಈ ವಾಸನೆ ಇನ್ನೂ ಜೋರು. ಅದಕ್ಕೇ ಮುಗಿಬೀಳುವವರಿದ್ದಾರೆ. ನನಗೆ ಮೂರನೇ ಗುಟುಕಿಗೆ ಹಿಡಿಸಿತು.

ಗುಟುಕು ಅಂದೆ, ಲೆಕ್ಕ ಹೇಳಿಬಿಡುತ್ತೇನೆ. ಒಂದು ರುಚಿಗೆ 20 ಮಿಲಿ ಅಂತಿಟ್ಟುಕೊಳ್ಳಿ. ಒಂದು ಕಡೆ ಆರು ಥರ. ಮೂರು ವೈನರಿಯಲ್ಲಿ ಎಲ್ಲವನ್ನೂ ನುಂಗಿದರೆ 360 ಮಿಲಿ, ಹೆಚ್ಚುಕಮ್ಮಿ ಅರ್ಧ ಬಾಟಲಿ. ಬಿಸಿಲಲ್ಲಿ ಪೆಡಲ್ ತುಳಿಯುವವನಿಗೆ ಅದು ತುಂಬಾ ಆಯಿತು. ಅದಕ್ಕೇ ಕೌಂಟರಿನ ಮೇಲೆ ಪೀಕದಾನಿ ಇಟ್ಟಿರುತ್ತಾರೆ. ಬಾಯಲ್ಲಿ ಆಡಿಸಿ ಉಗಿಯಿರಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ವೈನು ಮಾಡುವವರೂ ಹಾಗೇ ಉಗಿಯುತ್ತಾರೆ.

ನಾನು ಮಾಡಿದ ದಡ್ಡತನ ಬೇರೆ. ಆಬರ್ನಿನಲ್ಲೇ, ಸವಾರಿಯ ಶುರುವಿಗೇ, ಮೂರು ಬಾಟಲಿ ಕೊಂಡೆ. ಒಂದೊಂದೂ ಒಂದು ಕೆಜಿಗಿಂತ ಜಾಸ್ತಿ. ಟೀ ಶರ್ಟ್ ಸುತ್ತಿ ಕ್ಯಾರಿಯರ್ ಚೀಲದಲ್ಲಿ ತುರುಕಿ ಕ್ಲೇರಿನ ತನಕ ಹೊತ್ತೆ. ಸಂಜೆ ಗೆಳೆಯ ಕೇಳಿದ: ಸುಂಕವಿಲ್ಲದೆ ಭಾರತಕ್ಕೆ ಒಯ್ಯಬಹುದಾದ ಮದ್ಯ 2 ಲೀಟರ್ ಅಲ್ವಾ? ಮೂರು ಬಾಟಲಿ ಅಂದರೆ ಎರಡೂಕಾಲು. ಒಂದನ್ನು ಅಲ್ಲೇ ಮುಗಿಸಬೇಕು. ಬಿರಡೆ ಕೀಳುವ ಸ್ಕ್ರೂ ಇಬ್ಬರ ಹತ್ತಿರವೂ ಇಲ್ಲ. ಆದರೆ ಬಿರಡೆಯಿಂದ ವೈನು ಕೆಡುತ್ತದೆ ಅಂತ ಬೇಸತ್ತು, 2000ದಲ್ಲಿ ಕ್ಲೇರಿನ ಹಲವು ರೀಸ್ಲಿಂಗ್ ತಯಾರಕರು ಒಟ್ಟಿಗೇ ತಿರುಪಿನ ಮುಚ್ಚಳಕ್ಕೆ ಬಂದಿದ್ದರು. ಸೋಡಾ ಬಾಟಲಿಯ ಹಾಗೆ ತಿರುಗಿಸಿದೆ, ಬಂತು. ಲಾಡ್ಜಿನ ಸ್ಟೀಲ್ ಲೋಟದಲ್ಲೇ ಸುರಿದುಕೊಂಡೆವು. ಸೈಕಲ್ಲಿಗೆ ಬೀಗ ಹಾಕಿಯಾಗಿತ್ತು, ಆವತ್ತು ಉಗಿಯಲಿಲ್ಲ.