ಬೀರುವಿನ ಬೀಗದ ಕೈ ಯಾರ ಹತ್ತಿರ?

ಕೇಳುಗರಿಗೆಲ್ಲ ನಮಸ್ಕಾರ.

ಸರ್ಕಾರಿ ಶಾಲೆಗೆ ಹೋಗಿ "ಗ್ರಂಥಾಲಯ ಎಲ್ಲಿ ಸಾರ್?" ಅಂತ ಕೇಳಿ. ಎಷ್ಟೋ ಕಡೆ ಹೆಡ್‌ಮೇಷ್ಟ್ರ ಕೋಣೆಯ ಕಬ್ಬಿಣದ ಬೀರುವನ್ನು ತೋರಿಸುತ್ತಾರೆ. ಬೀಗ ತೆಗೆಸಿ ನೋಡಿದರೆ ಒಳಗೆ ಒಳ್ಳೊಳ್ಳೆ ಕಥೆ ಪುಸ್ತಕಗಳು. ಬಂದು ವರ್ಷಗಳೇ ಆಗಿರುತ್ತವೆ, ಆದರೂ ಕೆಲವು ಪುಸ್ತಕಗಳ ಹಾಳೆಗಳು ಇನ್ನೂ ಅಂಟಿಕೊಂಡೇ ಇರುತ್ತವೆ. ಒಂದು ಮಗುವಿನ ಬೆರಳ ಗುರುತೂ ಇರುವುದಿಲ್ಲ.

ಪುಸ್ತಕ ಕೊಳ್ಳಲು ದುಡ್ಡಿಲ್ಲ ಅನ್ನೋದು ಪೂರ್ತಿ ನಿಜವಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತ ನೋಡಿಕೊಂಡು ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯಕ್ಕೆಂದೇ ಅನುದಾನವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೂ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ಕಥೆ ಪುಸ್ತಕವೂ ಇರಬೇಕು ಅಂತ ಬಿಡಿಸಿ ಹೇಳುತ್ತದೆ. ಪುಸ್ತಕ ಶಾಲೆಯವರೆಗೆ ಬರುತ್ತದೆ, ಮಗುವಿನ ಕೈಗೆ ಹೋಗುವುದಿಲ್ಲ, ಅಷ್ಟೇ.

ಇದಕ್ಕೆ ಮೇಷ್ಟ್ರನ್ನು ಬೈಯುವುದು ಸುಲಭ. ಆದರೆ ಅವರ ಕಷ್ಟವನ್ನೂ ಸ್ವಲ್ಪ ಕೇಳಿ. ಪ್ರತಿ ಪುಸ್ತಕವೂ ಸ್ಟಾಕ್ ರಿಜಿಸ್ಟರಿನಲ್ಲಿ ಏರಿರುತ್ತದೆ. ವರ್ಗವಾದಾಗ ಲೆಕ್ಕ ಒಪ್ಪಿಸಿ ಚಾರ್ಜ್ ಕೊಡಬೇಕು. ನಾಲ್ಕು ಪುಸ್ತಕ ಕಡಿಮೆ ಬಂದರೆ ಯಾರು ಉತ್ತರ ಹೇಳೋದು? ಎಷ್ಟು ಮಕ್ಕಳು ಓದಿದರು ಅಂತ ಯಾವ ಆಡಿಟ್‌ನವರೂ ಕೇಳುವುದಿಲ್ಲ. ಇಲ್ಲದ ಉಸಾಬರಿ ಯಾಕೆ ಅಂತ ಬೀಗ ಹಾಕಿಬಿಡುತ್ತಾರೆ.

ಈ ಭಯ ಹಳೆಯದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಪಾಲರೊಬ್ಬರ ತಮಾಷೆ ಕಥೆಯೊಂದಿದೆ. ಅವರು ಒಂದು ದಿನ ಖುಷಿಯಿಂದ ಓಡುತ್ತಿದ್ದರಂತೆ. ಯಾಕೆ ಅಂತ ಕೇಳಿದರೆ, "ಎರಡು ಬಿಟ್ಟು ಎಲ್ಲಾ ಪುಸ್ತಕವೂ ವಾಪಸ್ ಬಂದಿದೆ, ಆ ಎರಡನ್ನೂ ತರೋಕೆ ಹೊರಟಿದ್ದೀನಿ" ಅಂದರಂತೆ! ಆದರೆ ನಮ್ಮ ದೇಶದ ಹೆಸರಾಂತ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಮೊದಲನೆಯದೇ, ಪುಸ್ತಕ ಇರುವುದು ಬಳಸೋದಕ್ಕೆ ಅಂತ. ಅವರು ಕೊನೆಗಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ನೆಲೆಸಿದ್ದರು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳೇ ಗ್ರಂಥಾಲಯದಲ್ಲಿ ಪುಸ್ತಕ ಕಳೆಯುವುದು ಸಹಜ ಅಂತ ಒಪ್ಪಿಕೊಂಡಿವೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಹೋದರೆ ಅದು ಸರಿಯಾದ ಮಿತಿಯೇ, ಮೋಸವೋ ನಿರ್ಲಕ್ಷ್ಯವೋ ಇರಬಾರದು ಅಷ್ಟೇ. ಸಾವಿರ ರೂಪಾಯಿಗಿಂತ ಜಾಸ್ತಿ ಬೆಲೆಯದು ಅಥವಾ ಅಪರೂಪದ್ದು ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಇದು ಕೇಂದ್ರದ ಕಚೇರಿಗಳಿಗೆ ಮಾಡಿದ ನಿಯಮ, ಹೌದು. ಆದರೆ ಮಕ್ಕಳ ಶಾಲೆಗೂ ಇಂಥ ಮಾತೊಂದು ಲಿಖಿತವಾಗಿ ಬೇಡವೇ?

ನಾನು ನೋಡಿದ ಒಂದು ಹಳ್ಳಿ ಶಾಲೆಯಲ್ಲಿ ಬೀರುವೇ ಇರಲಿಲ್ಲ. ಗೋಡೆಯಿಂದ ಗೋಡೆಗೆ ನೈಲಾನ್ ಹಗ್ಗ ಕಟ್ಟಿ ಪುಸ್ತಕ ನೇತುಹಾಕಿದ್ದರು. ಪುಸ್ತಕ ಕೊಡುವ ಕೆಲಸ ಏಳನೇ ಕ್ಲಾಸಿನ ಮಕ್ಕಳದ್ದು. ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಪುಸ್ತಕದ ಹೆಸರು, ಒಯ್ದವರ ಹೆಸರು, ವಾಪಸ್ ಕೊಟ್ಟ ದಿನ. ಕೊನೆಗೆ "ಹೇಗಿತ್ತು" ಅಂತ ಇನ್ನೊಂದು ಕಾಲಂ. ಒಬ್ಬ ಹುಡುಗ ಅಲ್ಲಿ "ಹುಲಿ ಸಾಯಬಾರದಿತ್ತು" ಅಂತ ಬರೆದಿದ್ದ. ಹರಿದ ಪುಸ್ತಕಕ್ಕೆ ಹಳೇ ಕ್ಯಾಲೆಂಡರ್ ಹಾಳೆಯ ರಟ್ಟು. ಅದನ್ನೂ ಮಕ್ಕಳೇ ಹಾಕುತ್ತಿದ್ದರು.

ರಜೆಯಲ್ಲಿ ಶಾಲೆ ಮುಚ್ಚಿದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದ್ದೇ ಇದೆ. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಹೆಸರು ಬರೆಸಿದ್ದೀರಾ, ಒಮ್ಮೆ ನೋಡಿಕೊಳ್ಳಿ.

ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ಅಪ್ಪ ಅಮ್ಮಂದಿರೇ ಇರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ, ಅಂದರೆ ನೀವೇ. ಮುಂದಿನ ಸಭೆಯಲ್ಲಿ ಬೀರುವಿನ ವಿಷಯ ಎತ್ತಿ. ಓದಲು ಕೊಟ್ಟ ಪುಸ್ತಕ ಹರಿದರೆ, ಕಳೆದರೆ ಮೇಷ್ಟ್ರ ತಲೆಗೆ ಕಟ್ಟುವುದು ಬೇಡ ಅಂತ ನಡಾವಳಿಯಲ್ಲಿ ಬರೆಸಿ, ಸಹಿ ಹಾಕಿ. ಆಮೇಲೆ ಬೀಗದ ಕೈ ಕೇಳಿ.

ನಮಸ್ಕಾರ.