ಪಟಗೋನಿಯದ ಮೊದಲ ಕಾಲುವೆ

ಕೇಳುಗರೇ, ನಮಸ್ಕಾರ. ಮಳೆ ನಂಬಿ ಬಿತ್ತನೆ ಮಾಡುವ ರೈತರು ಈ ಹೊತ್ತಿನಲ್ಲಿ ರೇಡಿಯೊ ಹಾಕಿರುತ್ತೀರಿ. ನಿಮಗಾಗಿಯೇ ಈ ಕಥೆ.

1865ರ ಮೇ ತಿಂಗಳಲ್ಲಿ ಲಿವರ್‌ಪೂಲ್ ಬಂದರಿನಿಂದ ಮಿಮೋಸಾ ಅನ್ನುವ ಹಡಗು ಹೊರಟಿತು. ಅದರಲ್ಲಿ ಸುಮಾರು 150 ಮಂದಿ, ಇಂಗ್ಲೆಂಡಿನ ಪಕ್ಕದ ವೇಲ್ಸ್ ನಾಡಿನವರು. ಇಂಗ್ಲಿಷಿನ ಒತ್ತಡದಲ್ಲಿ ತಮ್ಮ ವೆಲ್ಷ್ ಭಾಷೆ ಅಳಿದೇ ಹೋಗುತ್ತದೆ ಅನ್ನುವ ಭಯ ಅವರಿಗೆ. ದೂರ ಹೋಗಿ ತಮ್ಮದೇ ವಸಾಹತು ಕಟ್ಟಿಕೊಳ್ಳೋಣ, ಶಾಲೆ, ಚರ್ಚು, ಪಂಚಾಯಿತಿ ಎಲ್ಲ ವೆಲ್ಷ್‌ನಲ್ಲೇ ನಡೆಯಲಿ ಅನ್ನುವ ಆಸೆ. ದಕ್ಷಿಣ ಅಮೆರಿಕದ ಅರ್ಜೆಂಟೀನಾ ಸರ್ಕಾರ ತನ್ನ ದಕ್ಷಿಣ ಭಾಗದ ಪಟಗೋನಿಯದಲ್ಲಿ ಜಮೀನು ಕೊಡಲು ಒಪ್ಪಿತ್ತು.

ಜುಲೈ 28ರಂದು ಹಡಗು ದಡ ಮುಟ್ಟಿತು. ಜುಲೈ ಅಂದರೆ ಅಲ್ಲಿ ನಡು ಚಳಿಗಾಲ. ಹಸಿರು ಕಣಿವೆ ಇದೆ ಅಂತ ಕೇಳಿ ಬಂದವರಿಗೆ ಕಂಡದ್ದು ಮುಳ್ಳಿನ ಪೊದೆ, ಬರಡು ನೆಲ. ನೆಲೆಸಬೇಕಿದ್ದ ಚುಬುಟ್ ನದಿಯ ಕಣಿವೆ ಸೇರಲು ಸುಮಾರು 60 ಕಿಲೋಮೀಟರ್ ಒಣ ಬಯಲು ದಾಟಬೇಕಿತ್ತು. ಅವರಲ್ಲಿ ಬೇಸಾಯ ಗೊತ್ತಿದ್ದವರು ಕಡಿಮೆ, ಗಣಿ ಮತ್ತು ಕಲ್ಲು ಕ್ವಾರಿಯಲ್ಲಿ ದುಡಿದವರೇ ಜಾಸ್ತಿ. ಅಂಥವರಿಗೆ ನೆಲದ ಬಗ್ಗೆ ನಿಜ ಹೇಳದೆ ಕರೆತಂದದ್ದು ದೊಡ್ಡ ತಪ್ಪು.

ಊರಿನ ಅಭ್ಯಾಸದಂತೆ ಗೋಧಿ ಬಿತ್ತಿ ಮಳೆಗೆ ಕಾದರು. ವರ್ಷಕ್ಕೆ 200 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಾಗ ಅದು! ಪೈರು ಒಣಗಿತು. ಮತ್ತೆ ಬಿತ್ತಿದರು, ಮತ್ತೆ ಒಣಗಿತು. ಸರ್ಕಾರ ಕಳಿಸಿದ ದವಸದಲ್ಲಿ ಜೀವ ಉಳಿಯಿತು. ಪಕ್ಕದಲ್ಲೇ ನದಿ ತುಂಬಿ ಹರಿಯುತ್ತಿದೆ, ಇವರು ಆಕಾಶ ನೋಡುತ್ತಾ ಕೂತಿದ್ದಾರೆ. ಆಕಾಶ ಬಿಡಿ, ಹೊಳೆ ನೋಡಿ ಅಂತ ನಾನು ಹೋದಲ್ಲೆಲ್ಲ ಹೇಳುವುದು ಇದಕ್ಕೇ.

ಕೊನೆಗೆ ಹೊಳೆ ನೋಡಿದ್ದು ಒಬ್ಬ ಹೆಣ್ಣುಮಗಳು. ಹೆಸರು ರೇಚಲ್ ಜೆಂಕಿನ್ಸ್. 1867ರ ಕೊನೆಯ ಭಾಗ. ಆಂಡಿಸ್ ಬೆಟ್ಟದ ಹಿಮ ಕರಗಿ ಹೊಳೆ ಏರಿತ್ತು. ಅವರ ಹೊಲದಲ್ಲಿ ಗೋಧಿ ಬಾಡುತ್ತಿತ್ತು. ಚುಬುಟ್ ನದಿಯ ಗುಣ ಏನು ಅಂದರೆ, ದಡ ಎತ್ತರ, ದಡದಾಚೆಯ ಹೊಲ ತಗ್ಗು. ಹೊಳೆ ಏರಿದಾಗ ನೀರಿನ ಮಟ್ಟ ಹೊಲಕ್ಕಿಂತ ಮೇಲಿರುತ್ತದೆ. ದಡ ಕಡಿದು ಹೊಲಕ್ಕೆ ನೀರು ಬಿಡಬಹುದಲ್ವಾ ಅಂತ ಆಕೆಗೆ ಹೊಳೆಯಿತು. ಗಂಡ ಏರನ್ ಗುದ್ದಲಿ ಹಿಡಿದು ಸಣ್ಣ ಕಾಲುವೆ ತೋಡಿದ. ಪಂಪು ಬೇಡ, ಏತ ಬೇಡ, ನೀರು ತಾನಾಗಿ ಇಳಿದು ಬಂತು. ಬಾಡಿದ ಪೈರು ಎದ್ದು ನಿಂತಿತು. ವಸಾಹತು ಬಿಟ್ಟು ಹೋಗುವ ಮಾತು ಆಡುತ್ತಿದ್ದ ಜನ ನೋಡಿದರು, ತಾವೂ ತೋಡಿದರು. ಎಂಥ ಬುದ್ಧಿ ಆ ತಾಯಿಯದು! ನೀರಾವರಿ ಓದಿದವರ್ಯಾರೂ ಅಲ್ಲಿರಲಿಲ್ಲ. ಆಕೆ ಹೊಳೆ ನೋಡಿದಳು, ಅಷ್ಟೇ.

ಸಮಯ ಕಡಿಮೆ ಇದೆ, ಬೇಗ ಹೇಳಿಬಿಡುತ್ತೇನೆ. ಅಲ್ಲಿನ ಮೂಲ ನಿವಾಸಿಗಳಾದ ತೆಹ್ವೆಲ್ಚೆ ಜನರ ಉಪಕಾರ ಸಣ್ಣದಲ್ಲ. ಬೇಟೆಯಾಡುವುದನ್ನು ಇವರಿಗೆ ಕಲಿಸಿದವರು ಅವರು. ಇವರ ರೊಟ್ಟಿಗೆ ಬದಲು ಮಾಂಸ, ಚರ್ಮ ಕೊಟ್ಟರು. ಅದಕ್ಕೆ ಇನ್ನೊಂದು ಭಾಷಣವೇ ಬೇಕು.

ಮುಂದೆ ಕಣಿವೆಯ ಉದ್ದಕ್ಕೂ ಕಾಲುವೆಗಳು ಹಬ್ಬಿದವು. 1889ರಲ್ಲಿ ಪ್ಯಾರಿಸ್‌ನ ವಸ್ತುಪ್ರದರ್ಶನದಲ್ಲಿ ಚುಬುಟ್ ಗೋಧಿಗೆ ಬಹುಮಾನ ಬಂತು. ಆ ಕಣಿವೆಯ ಗೈಮನ್ ಊರಿನ ಸುತ್ತ ಇವತ್ತಿಗೂ ಕಾಲುವೆ ನೀರಿನಲ್ಲೇ ಬೇಸಾಯ, ವೆಲ್ಷ್ ಮಾತಾಡುವವರೂ ಇದ್ದಾರೆ. ನಮಸ್ಕಾರ.