ಚಿತ್ರಸಂತೆಯಲ್ಲಿ ಒಬ್ಬ ಕ್ಯಾಷಿಯರ್

ಎಲ್ಲರಿಗೂ ನಮಸ್ಕಾರ.

ಚಿತ್ರಸಂತೆಯಲ್ಲಿ ನಿಮಗೆ ಹಿಡಿಸಿದ ಚಿತ್ರಗಳ ಬಗ್ಗೆ ಸಾಗರಕ್ಕೆ ಬಂದು ಮಾತಾಡಿ ಅಂತ ನಿಮ್ಮ ಸಂಘದವರು ಫೋನ್ ಮಾಡಿದಾಗ ನಾನು ಹೇಳಿದ್ದು ಇಷ್ಟೇ: "ಸ್ವಾಮಿ, ನಾನು ಕಲಾವಿಮರ್ಶಕನಲ್ಲ. 31 ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದವನು." ಆ ಕಡೆಯಿಂದ ಉತ್ತರ ಬಂತು: "ವಿಮರ್ಶಕರು ಹೋದ ತಿಂಗಳು ಬಂದಿದ್ದರು ಸಾರ್. ಅದಕ್ಕೇ ಈ ಸಲ ನಿಮ್ಮನ್ನು ಕರೀತಿದ್ದೀವಿ." ಆ ವಿಮರ್ಶಕರು ಯಾರು ಅಂತ ನಾನು ಕೇಳಲಿಲ್ಲ, ನೀವೂ ಹೇಳಬೇಡಿ.

ಚಿತ್ರಸಂತೆಗೆ ಹೋಗದವರು ಇಲ್ಲಿ ಇದ್ದೀರಿ ಅಂದುಕೊಂಡು ಎರಡು ಮಾತು. ಬೆಂಗಳೂರಿನ ಕುಮಾರಕೃಪ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಇದೆ. 1960ರಲ್ಲಿ ಶುರುವಾದ ಸಂಸ್ಥೆ. ಎಂ. ಆರ್ಯಮೂರ್ತಿ ಮತ್ತು ಎಂ.ಎಸ್. ನಂಜುಂಡರಾವ್ ಅವರು ಕಟ್ಟಿದ್ದು. ವರ್ಷಕ್ಕೊಂದು ದಿನ, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರಗಳಲ್ಲಿ ಒಂದರಂದು, ಪರಿಷತ್ತಿನ ಮುಂದಿನ ರಸ್ತೆಗೆ ವಾಹನ ಬಿಡುವುದಿಲ್ಲ. ಶಿವಾನಂದ ಸರ್ಕಲ್ ಕಡೆಯಿಂದ ವಿಂಡ್ಸರ್ ಮ್ಯಾನರ್ ಕಡೆವರೆಗೆ ಫುಟ್‌ಪಾತಿನ ಉದ್ದಕ್ಕೂ ಚಿತ್ರಗಳು. ಕಲಾವಿದರು ಸುಮಾರು ಒಂದೂವರೆ ಸಾವಿರ ಮಂದಿ, ಕರ್ನಾಟಕದವರಷ್ಟೇ ಅಲ್ಲ, ಬೇರೆ ಬೇರೆ ರಾಜ್ಯಗಳಿಂದ ಬಂದವರು. ಪ್ರವೇಶಕ್ಕೆ ಟಿಕೆಟ್ ಇಲ್ಲ. ನೂರು ರೂಪಾಯಿಯ ಪುಟ್ಟ ಚಿತ್ರವೂ ಸಿಗುತ್ತದೆ, ಲಕ್ಷದ್ದೂ ಸಿಗುತ್ತದೆ. ತಾಳಗುಪ್ಪದ ರಾತ್ರಿ ರೈಲು ಹತ್ತಿದರೆ ಬೆಳಗಿನ ಜಾವ ಮೆಜೆಸ್ಟಿಕ್ಕು, ಅಲ್ಲಿಂದ ಮೆಟ್ರೋದಲ್ಲಿ ಒಂದೇ ಸ್ಟಾಪು, ಆಮೇಲೆ ನಡಿಗೆ. ಒಂಬತ್ತು ಗಂಟೆಗೆ ಮೊದಲು ಹೋಗಿ. ಹನ್ನೊಂದರ ಮೇಲೆ ಕಾಣಿಸುವುದು ಚಿತ್ರಗಳಲ್ಲ, ಜನರ ಬೆನ್ನು.

ನನಗೆ ಎಣಿಸುವ ಚಟ ಬಿಟ್ಟಿಲ್ಲ. ಒಂದು ವರ್ಷ ಸಂತೆಯಲ್ಲಿ ಬುದ್ಧನ ಮುಖ ಎಷ್ಟಿವೆ ಅಂತ ಎಣಿಸುತ್ತಾ ಹೋದೆ. ಅರ್ಧಕಣ್ಣು ಮುಚ್ಚಿದ ಬುದ್ಧ, ಅರಳಿ ಎಲೆಯ ಮೇಲಿನ ಬುದ್ಧ, ಬಂಗಾರದ ಬುದ್ಧ. 47ಕ್ಕೆ ನಿಲ್ಲಿಸಿದೆ, ರಸ್ತೆ ಇನ್ನೂ ಅರ್ಧ ಉಳಿದಿತ್ತು. ಓಡುವ ಏಳು ಕುದುರೆಗಳು ಎಣಿಕೆಗೇ ಸಿಗುವುದಿಲ್ಲ. ವಾಸ್ತು ನೋಡಿ ಕೊಳ್ಳುವವರಿದ್ದಾರೆ, ಅದಕ್ಕೆ ಬರೆಯುವವರೂ ಇದ್ದಾರೆ. ನಾನು ಇದನ್ನು ಹಂಗಿಸುತ್ತಿಲ್ಲ. ನಾನೇ ಮೊದಲ ಸಲ ಕೊಂಡದ್ದು ಒಂದು ಜಲಪಾತ. ನೀಲಿ, ಹಸಿರು, ಮಧ್ಯದಲ್ಲಿ ಬಿಳಿ ನೊರೆ. ಸೋಫಾದ ಬಣ್ಣಕ್ಕೆ ಹೊಂದುತ್ತದೆ ಅಂತ ತಂದೆ. ಆರು ತಿಂಗಳಿಗೆ ಆ ಜಲಪಾತ ನಮ್ಮ ಮನೆಯಲ್ಲಿ ಯಾರ ಕಣ್ಣಿಗೂ ಬೀಳದ ಹಾಗಾಯಿತು. ಮುಂದೆ ಸೋಫಾ ಬದಲಾಯಿತು, ಜಲಪಾತ ಬಾಗಿಲ ಹಿಂದಕ್ಕೆ ಹೋಯಿತು. ಈಗ ಅದರ ಮೊಳೆಗೆ ಕೊಡೆ ನೇತು ಹಾಕುತ್ತೇವೆ.

ಚಿತ್ರ ಒಂದು ಸಲಕ್ಕೆ ಚೆನ್ನಾಗಿ ಕಾಣುವುದು ಬೇರೆ, ನಮ್ಮನ್ನು ಹಿಡಿದು ನಿಲ್ಲಿಸುವುದು ಬೇರೆ. ಇದು ನನಗೆ ಗೊತ್ತಾಗಿದ್ದು ನಿಮ್ಮ ಊರಿನವರಿಂದಲೇ. ಸಂತೆಯ ಗದ್ದಲದ ನಡುವೆ ಒಬ್ಬ ಹೆಂಗಸು ನೆಲದ ಮೇಲೆ ಕೂತು ಕೆಮ್ಮಣ್ಣು ಬಳಿದ ಹಲಗೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಿದ್ದರು. ನಿಮಗೆ ಇದು ಅಜ್ಜಿ ಮನೆಯ ಗೋಡೆ. ಮಂಡ್ಯ ಕಡೆಯ ನಾನು ಹಸೆ ಚಿತ್ತಾರವನ್ನು ಜೀವನದಲ್ಲಿ ಮೊದಲು ನೋಡಿದ್ದು ಬೆಂಗಳೂರಿನ ಫುಟ್‌ಪಾತಿನಲ್ಲಿ, ಹೇಳಿಕೊಳ್ಳುವುದಕ್ಕೆ ನಾಚಿಕೆ. ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟಿನ ಬಿಳಿ. ಅಳತೆಪಟ್ಟಿ ಇಲ್ಲ, ಪೆನ್ಸಿಲ್ ಗುರುತಿಲ್ಲ. ಗೆರೆ ಎಳೆದರು, ಅದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು. ನಡುವಿನ ಕೆಂಪು ಎಲ್ಲ ಕಡೆ ಒಂದೇ ಅಗಲ. ಉಸಿರು ಬಿಡುವಾಗ ಕೈ ಚಲಿಸುತ್ತಿತ್ತು, ಉಸಿರು ಎಳೆದುಕೊಳ್ಳುವಾಗ ನಿಲ್ಲುತ್ತಿತ್ತು. ನಾನು ಇಪ್ಪತ್ತು ನಿಮಿಷ ನಿಂತೆ. ನೂರು ನೋಟಿನ ಕಟ್ಟನ್ನು ಎಣಿಸುವಾಗ ನನ್ನ ಕೈಗೂ ಅಂಥದೇ ಒಂದು ಲಯ ಇತ್ತು, ಯಾರಾದರೂ ಮಾತಾಡಿಸಿದರೆ ತಪ್ಪುವಂಥದ್ದು. ಹಾಗಾಗಿ ಬಾಯಿ ಬಿಡದೆ ಕಾದೆ. ಗೆರೆ ಮುಗಿದ ಮೇಲೆ, "ಅಮ್ಮಾ, ಈ ಏಣಿ ಥರ ಇರೋದು ಏನು?" ಅಂದೆ. "ಏಣಿನೇ," ಅಂದರು. ಅಷ್ಟೇ.

ನನ್ನ ಹೆಂಡತಿಯ ಕಥೆಯೂ ಹೀಗೇ. ಅವಳಿಗೆ ಚಿತ್ರ ಅಂದರೆ ಅಷ್ಟಕ್ಕಷ್ಟೆ, ಸಂತೆಗೆ ಬರುವುದು ಬಜ್ಜಿಗೆ. ಅವಳು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಟ್ಟವಳು. ಒಂದು ಸಲ ಹಳೆ ಸೀರೆಗಳ ಕೌದಿಯನ್ನೇ ಚಿತ್ರದ ಹಾಗೆ ಕಟ್ಟು ಹಾಕದೆ ನೇತು ಹಾಕಿದ್ದ ಕಡೆ ನಿಂತುಬಿಟ್ಟಳು. ಮುಂಭಾಗ ನೋಡಲೇ ಇಲ್ಲ. "ಹಿಂದೆ ತಿರುಗಿಸಿ," ಅಂದಳು. ಹಿಂಭಾಗದಲ್ಲಿ ದಾರ ಮುಗಿದ ಕಡೆ ಹೊಸ ದಾರ ಹೇಗೆ ಸೇರಿಸಿದ್ದಾರೆ, ಗಂಟು ಎಲ್ಲಿ ಅಡಗಿಸಿದ್ದಾರೆ ಅಂತ ಬೆರಳಿಂದ ಹುಡುಕಿದಳು. ಗಂಟು ಸಿಗಲಿಲ್ಲ. ಬಜ್ಜಿ ಮರೆತುಹೋಯಿತು.

ದೆಹಲಿಯ ಇಂಡಿಯಾ ಆರ್ಟ್ ಫೇರಿಗೂ ಒಮ್ಮೆ ಹೋಗಿದ್ದೆ, ಮಗಳು ಆ ಕಡೆ ಕೆಲಸದಲ್ಲಿದ್ದಾಗ. 2008ರಲ್ಲಿ ಪ್ರಗತಿ ಮೈದಾನದಲ್ಲಿ ಇಂಡಿಯಾ ಆರ್ಟ್ ಸಮಿಟ್ ಎಂಬ ಹೆಸರಲ್ಲಿ ಶುರುವಾಗಿದ್ದು, ಈಗ ಓಖ್ಲಾದಲ್ಲಿ ನಡೆಯುತ್ತದೆ. ಅಲ್ಲಿ ಮಳಿಗೆ ಹಾಕುವುದು ಹೆಚ್ಚಾಗಿ ಗ್ಯಾಲರಿಗಳು. ದೊಡ್ಡ ಡೇರೆ, ಬಿಳಿ ಗೋಡೆ, ಹದವಾದ ಬೆಳಕು. ಲಾರಿಯಷ್ಟು ದೊಡ್ಡ ಕೃತಿಗಳನ್ನೂ ಇಡಬಹುದು. ನಮ್ಮ ರಸ್ತೆಯಲ್ಲಿ ಅದು ಆಗದ ಮಾತು. ಒಳ್ಳೆಯದೇ. ಆದರೆ ಚಿತ್ರ ಬರೆದವರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು, ಸ್ಟೀಲ್ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಾ ಕೂತಿರುವುದಿಲ್ಲ. ನನ್ನಂಥವನಿಗೆ ಚಿತ್ರಕ್ಕಿಂತ ಮೊದಲು ಆ ಮನುಷ್ಯ ಬೇಕು. ಇದು ನನ್ನ ಕೊರತೆ ಇರಬಹುದು, ಇರಲಿ.

ಇನ್ನು ನಾನು ಹೇಳಬೇಕೆಂದು ಬಂದ ಚಿತ್ರದ ವಿಷಯ.

2024ರ ಜನವರಿ 7. ಇಪ್ಪತ್ತೊಂದನೇ ಚಿತ್ರಸಂತೆ. ಆ ವರ್ಷ ಬಾಹ್ಯಾಕಾಶ ವಿಜ್ಞಾನಿಗಳಿಗೆ ಅರ್ಪಿಸಿದ್ದರು, ಚಂದ್ರಯಾನದ ಗುಂಗು. ಎಲ್ಲಿ ನೋಡಿದರೂ ರಾಕೆಟ್ಟು, ಚಂದ್ರ. ಬಿಸಿಲೇರಿತ್ತು. ಕೂರುವುದಕ್ಕೆ ನೆರಳು ಹುಡುಕುತ್ತಾ ಒಂದು ಮರದ ಬುಡಕ್ಕೆ ಬಂದೆ. ಅಲ್ಲಿ ಒಬ್ಬ ಹುಡುಗಿ ಹಗ್ಗಕ್ಕೆ ಕ್ಲಿಪ್ ಹಾಕಿ ಐದಾರು ಕಪ್ಪು ಬಿಳುಪು ಚಿತ್ರ ತೂಗುಹಾಕಿದ್ದಳು. ಬಣ್ಣಗಳ ಆ ಜಾತ್ರೆಯಲ್ಲಿ ಅವುಗಳ ಮುಂದೆ ಯಾರೂ ಇರಲಿಲ್ಲ. ನಾನು ನಿಂತದ್ದೂ ನೆರಳಿಗೆ.

ಒಂದು ಹಿಟ್ಟಿನ ಗಿರಣಿ. ಅಗಲ ಒಂದು ಗೇಣು, ಎತ್ತರ ಒಂದೂವರೆ ಗೇಣು. ಮೇಲೆ ಬೆಲ್ಟು, ಚಕ್ರ. ಕೆಳಗೆ ನೆಲದ ಮೇಲೆ ಡಬ್ಬಗಳ ಸಾಲು: ಎಣ್ಣೆ ಡಬ್ಬ, ಸ್ಟೀಲ್ ಡಬ್ಬ, ಬಟ್ಟೆ ಚೀಲ ಸಿಕ್ಕಿಸಿದ ಬಕೆಟ್ಟು. ಜನ ಒಬ್ಬರೂ ಇಲ್ಲ. ಗಿರಣಿಯಲ್ಲಿ ಡಬ್ಬ ಸಾಲಿನಲ್ಲಿಟ್ಟು ಜನ ಮನೆಗೆ ಹೋಗಿಬಿಡುತ್ತಾರಲ್ಲ, ಹಾಗೆ. ಗಾಳಿಯಲ್ಲಿ ಹಿಟ್ಟಿನ ಧೂಳು ತೇಲುತ್ತಿದೆ. ಆ ಧೂಳು ಬರೆದದ್ದಲ್ಲ, ನಿಜಕ್ಕೂ ಕಣ ಕಣವಾಗಿ ಕೂತಿದೆ ಅನಿಸಿತು. ಎದುರಿಗೆ ಬಾಗಿಲು, ಬಾಗಿಲಿಗೆ ಅಡ್ಡ ಒಂದು ಬಟ್ಟೆ ಬ್ಯಾನರ್, ಅದರ ಮೇಲೆ "ಹಿಟ್ಟಿನ ಗಿರಣಿ" ಅಂತ ಬರೆದಿದೆ. ಅಕ್ಷರಗಳೆಲ್ಲ ಉಲ್ಟಾ, ಕನ್ನಡಿಯಲ್ಲಿ ಕಾಣುವ ಹಾಗೆ.

ತಪ್ಪು ಹುಡುಕಿದ ಖುಷಿಯಲ್ಲಿ ಕೇಳಿದೆ, "ಏನಮ್ಮ, ಅಕ್ಷರ ಉಲ್ಟಾ ಆಗಿದೆಯಲ್ಲ?"

"ಎಲ್ಲಾರೂ ಅದನ್ನs ಕೇಳ್ತಾರ್ರೀ ಸರ," ಅಂದಳು. ಗದಗ ಕಡೆಯವಳು. "ಮೊದಲ ನಾನು ಮರ್ತಿದ್ದೆ. ತಗಡಿನ ಮ್ಯಾಲೆ ಸೀದಾ ಬರದೆ, ಕಾಗದದಾಗ ಉಲ್ಟಾ ಬಂತು. ಹೊಸಾ ತಗಡು ಮಾಡಬೇಕಂತ ಮಾಡಿದ್ದೆ. ಊರಿಗೆ ಒಯ್ದು ಅಪ್ಪಗ ತೋರಿಸಿದೆ. ಗಿರಣಿ ನಮ್ಮಪ್ಪಂದs. ಅವ್ರು ನೋಡಿ, ಬರೋಬ್ಬರಿ ಐತಲ್ಲವಾ, ಒಳಗ ಕುಂತಾಂವಗ ಬೋರ್ಡು ಹಿಂಗs ಕಾಣತೈತಿ ಅಂದ್ರು. ಅದಕ ಹಂಗs ಬಿಟ್ಟೆ."

ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ನಾನು ಕೂರುತ್ತಿದ್ದ ಕೌಂಟರಿನ ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ "ನಗದು" ಅಂತ ಬರೆದಿತ್ತು. ಹೊರಗೆ ನಿಂತವರಿಗೆ ಅದು ನಗದು. ನನಗೆ 31 ವರ್ಷ, ಬೆಳಿಗ್ಗೆಯಿಂದ ಸಂಜೆವರೆಗೆ, ಆ ಮೂರು ಅಕ್ಷರ ಕಂಡದ್ದು ಹಿಂದುಮುಂದಾಗಿ. "ದು" ಮೊದಲು, "ನ" ಕೊನೆಗೆ, ಕೊಂಬು ಎಡಗಡೆಗೆ. ಅದನ್ನು ನಾನು ನೋಡುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ, ಹೇಳುವುದಕ್ಕೆ ಅದೊಂದು ವಿಷಯವೂ ಆಗಿರಲಿಲ್ಲ. ಒಂದು ಗೇಣು ಕಾಗದದಲ್ಲಿ ಅದು ಸಿಕ್ಕಿತು.

ಆಮೇಲೆ ಸ್ಟೂಲ್ ಎಳೆದುಕೊಂಡು ಕೂತೆ. ಅವಳು ವಿವರಿಸಿದಳು. ಇದು ಎಚ್ಚಿಂಗ್. ಸತುವಿನ ತಗಡಿನ ಮೇಲೆ ಮೇಣದಂಥ ಲೇಪ ಹಚ್ಚುತ್ತಾರೆ. ಸೂಜಿಯಿಂದ ಗೀರಿದರೆ ಲೇಪ ಕಿತ್ತು ಬಂದು ತಗಡು ಕಾಣುತ್ತದೆ. ತಗಡನ್ನು ಆಸಿಡ್ಡಿಗೆ ಇಳಿಬಿಟ್ಟರೆ ಗೀರಿದ ಕಡೆ ಮಾತ್ರ ಕೊರೆಯುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಗೆರೆ ಆಳ, ಅಚ್ಚಿನಲ್ಲಿ ಕಡುಗಪ್ಪು. ಬೇಗ ತೆಗೆದರೆ ತೆಳು. ಲೇಪ ತೆಗೆದು, ಇಂಕು ತುಂಬಿ, ಮೇಲಿನದನ್ನೆಲ್ಲ ಒರೆಸಿದರೆ ಇಂಕು ಗೀರಿನೊಳಗೆ ಉಳಿಯುತ್ತದೆ. ಒದ್ದೆ ಮಾಡಿದ ಕಾಗದವನ್ನು ಅದರ ಮೇಲಿಟ್ಟು ಉರುಳೆ ಪ್ರೆಸ್ಸಿನಲ್ಲಿ ಹಾಯಿಸಿದರೆ ಕಾಗದವೇ ಗೀರಿನೊಳಗೆ ಇಳಿದು ಇಂಕನ್ನು ಎತ್ತಿಕೊಂಡು ಬರುತ್ತದೆ. ಆ ಧೂಳು? ರಾಳವನ್ನು ಪುಡಿ ಮಾಡಿ ತಗಡಿನ ಮೇಲೆ ಉದುರಿಸಿ, ಕೆಳಗಿಂದ ಬಿಸಿ ಮಾಡುತ್ತಾರೆ. ಕಣಗಳು ಕರಗಿ ಅಂಟುತ್ತವೆ. ಆಸಿಡ್ ಆ ಕಣಗಳ ಸುತ್ತ ಕೊರೆಯುತ್ತದೆ. ಇದಕ್ಕೆ ಆಕ್ವಾಟಿಂಟ್ ಅಂತ ಹೆಸರು. ಹಿಟ್ಟಿನ ಧೂಳನ್ನು ರಾಳದ ಧೂಳಿಂದಲೇ ಬರೆದಿದ್ದಳು.

ಇದಕ್ಕೂ ಮೊದಲು ಪರಿಷತ್ತಿನ ಒಳಗೆ ಕೃಷ್ಣಾ ರೆಡ್ಡಿಯವರ ಮುದ್ರಣಚಿತ್ರಗಳನ್ನು ಹಾದುಹೋಗಿದ್ದೆ. ಹಾದುಹೋಗಿದ್ದೆ ಅಷ್ಟೇ, ನೋಡಿರಲಿಲ್ಲ. ಚಿತ್ತೂರು ಜಿಲ್ಲೆಯಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಕಲಿತು, ಪ್ಯಾರಿಸ್ಸಿನಲ್ಲಿ ಕೆಲಸ ಮಾಡಿದವರು ಅವರು. ಒಂದೇ ತಗಡಿನಿಂದ ಒಂದೇ ಸಲಕ್ಕೆ ಹಲವು ಬಣ್ಣ ತೆಗೆಯುವ ವಿಧಾನವನ್ನು ಬೆಳೆಸಿದವರಲ್ಲಿ ಮುಖ್ಯರು. ಎಣ್ಣೆ ಹೆಚ್ಚಿರುವ ಇಂಕು, ಕಡಿಮೆ ಇರುವ ಇಂಕು, ಮೆತ್ತನೆ ಉರುಳೆ, ಗಟ್ಟಿ ಉರುಳೆ. ಒಂದು ಬಣ್ಣ ಇನ್ನೊಂದನ್ನು ತಳ್ಳುವುದರಲ್ಲೇ ಇಡೀ ಗುಟ್ಟು. ಗಿರಣಿ ಚಿತ್ರ ಕೊಂಡ ದಿನ ವಾಪಸ್ ಒಳಗೆ ಹೋಗಿ ಅವುಗಳನ್ನು ಮೊದಲ ಸಲ ನೋಡಿದೆ ಅನ್ನಬಹುದು.

ಕೊಳ್ಳುವ ವಿಷಯಕ್ಕೆ ಬರೋಣ. ಚಿತ್ರದ ಕೆಳಗೆ ಎಡಗಡೆ ಪೆನ್ಸಿಲ್‌ನಲ್ಲಿ 5/12 ಅಂತ ಬರೆದಿತ್ತು. ಹನ್ನೆರಡು ಅಚ್ಚುಗಳಲ್ಲಿ ಐದನೆಯದು. ಬೆಲೆ ಮೂರೂವರೆ ಸಾವಿರ. ಸಂತೆ ಅಂದ ಮೇಲೆ ಚೌಕಾಸಿ ಬೇಡವೇ? ಎರಡೂವರೆ ಅಂದೆ. ಅವಳು ಏನೂ ಹೇಳಲಿಲ್ಲ, ನನಗೆ ತನ್ನ ಹೆಬ್ಬೆರಳು ತೋರಿಸಿದಳು. ಉಗುರಿನ ಸುತ್ತ ಕಪ್ಪು ಇಂಕು, ತೊಳೆದರೂ ಹೋಗದಂಥದ್ದು. ನಾನು ಸುಮ್ಮನೆ ಪರ್ಸು ತೆಗೆದೆ. ಜನಸಂದಣಿಗೆ ಮೊಬೈಲ್ ಸಿಗ್ನಲ್ ಇರಲಿಲ್ಲ, ನಗದು ಕೊಟ್ಟೆ. 500ರ ಏಳು ನೋಟು.

ಅವಳು ಎಣಿಸಿದಳು. ನಿಧಾನಕ್ಕೆ, ತಪ್ಪಾಗಿ, ನನ್ನ ಕೈ ಕೆರೆಯುತ್ತಿತ್ತು. ಕೊನೆಯ ನೋಟಿನ ಗಾಂಧೀಜಿ ಮೇಲೆ ಹೆಬ್ಬೆರಳು ಆಡಿಸಿ ನಕ್ಕಳು. "ಇದೂ ನಮ್ಮ ಕೆಲಸನs ರೀ ಸರ. ಇಂಟಾಗ್ಲಿಯೋ."

ಆ ಪದ ನನಗೆ ಹೊಸದಲ್ಲ. ಖೋಟಾ ನೋಟು ಗುರುತಿಸುವುದು ಹೇಗೆ ಅಂತ ರಿಸರ್ವ್ ಬ್ಯಾಂಕಿನವರು ತಿಳಿಸುವ ಗುರುತುಗಳಲ್ಲಿ ಅದೂ ಒಂದು. ಗಾಂಧೀಜಿ ಚಿತ್ರ, ಅಶೋಕ ಸ್ತಂಭ ಇವೆಲ್ಲ ಬೆರಳಿಗೆ ಉಬ್ಬು ಸಿಗಬೇಕು. ಲೋಹದಲ್ಲಿ ಕೊರೆದ ಗೆರೆಗೆ ಇಂಕು ತುಂಬಿ, ಭಾರಿ ಒತ್ತಡದಲ್ಲಿ ಕಾಗದಕ್ಕೆ ಎತ್ತಿಸುವುದರಿಂದ ಬರುವ ಉಬ್ಬು. ನಮ್ಮ ಮೈಸೂರಿನ ನೋಟು ಮುದ್ರಣಾಲಯದಲ್ಲಿ ನಡೆಯುವುದೂ ಇದೇ. ದಿನಕ್ಕೆ ಸಾವಿರಾರು ಸಲ ನಾನು ಹೆಬ್ಬೆರಳಿಂದ ಮುಟ್ಟಿದ ಸಂಗತಿ. ಅದು ಚಿತ್ರ ಬರೆಯುವವರ ಪದ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ಕೋವಿಡ್ ಕಾಲದಲ್ಲಿ, 2021ರಲ್ಲಿ, ಸಂತೆ ಆನ್‌ಲೈನಿನಲ್ಲಿ ನಡೆದಿತ್ತು. ಆಗ ಫೋನಿನಲ್ಲಿ ಬೆರಳು ಜಾರಿಸುತ್ತಾ ನೂರಾರು ಚಿತ್ರ ನೋಡಿದ್ದೆ. ಒಂದೂ ನೆನಪಿಲ್ಲ. ಯಾಕೆ ಅಂತ ಈಗ ಸ್ವಲ್ಪ ಅರ್ಥವಾಗುತ್ತದೆ. ಆ ಗಾಜಿನ ಮೇಲೆ ಎಲ್ಲವೂ ಒಂದೇ ನುಣುಪು.

2025ರ ಸಂತೆಯಲ್ಲಿ ಅದೇ ಮರದ ಬುಡಕ್ಕೆ ಹೋದೆ. ಅಲ್ಲಿ ಇನ್ನೊಬ್ಬರ ಬುದ್ಧ ಇದ್ದ. ಆ ಹುಡುಗಿ ಕಾಣಲಿಲ್ಲ. ರಸ್ತೆಯ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದೆ, ಕಾಲು ನೋವು ಬಂದದ್ದೇ ಲಾಭ. ಉಳಿದ ಹನ್ನೊಂದು ಗಿರಣಿಗಳು ಯಾರ ಯಾರ ಮನೆಯಲ್ಲಿವೆಯೋ.

ಚಿತ್ರವನ್ನು ತಂದಿದ್ದೇನೆ, ಆ ಮೇಜಿನ ಮೇಲಿದೆ. ಗಾಜು ಹಾಕಿಸಿರುವುದರಿಂದ ಮುಟ್ಟುವುದಕ್ಕೆ ಆಗುವುದಿಲ್ಲ. ಅದಕ್ಕೊಂದು ಉಪಾಯ ಇದೆ. ನಿಮ್ಮ ಹತ್ತಿರ 500ರ ನೋಟಿದ್ದರೆ ತೆಗೆಯಿರಿ, ಮೆತ್ತಗಾದ ಹಳೆಯದು ಬೇಡ, ಗರಿಗರಿಯಾದದ್ದು. ಎಡ ಬಲ ಅಂಚಿನಲ್ಲಿ ಐದೈದು ಓರೆ ಗೆರೆಗಳಿವೆ, ಕಣ್ಣು ಕಾಣದವರಿಗೆ ಗೊತ್ತಾಗಲಿ ಅಂತ ಮಾಡಿದ್ದು. 100ರಲ್ಲಿ ನಾಲ್ಕು. ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿ. ಆಮೇಲೆ ಬಂದು ಗಿರಣಿಯ ಡಬ್ಬಗಳನ್ನು ನೋಡಿ. ಎಡದಿಂದ ಮೂರನೇ ಡಬ್ಬಕ್ಕೆ ಮುಚ್ಚಳ ಇಲ್ಲ. ಅದು ಯಾರದ್ದು ಅಂತ ಆ ಹುಡುಗಿಯನ್ನು ಕೇಳುವುದು ಮರೆತೆ.